ಕಟ್ಟಡ ದಾನಿಯದು, ಖರ್ಚು ಊರಿನದು

ಪ್ರಶ್ನೆ: ಮಗಳ ಮನೆಗೆಂದು ಅಮೆರಿಕದ ಇಂಡಿಯಾನಾ ರಾಜ್ಯಕ್ಕೆ ಹೋಗಿದ್ದಾಗ, ತೀರ ಸಣ್ಣ ಊರುಗಳಲ್ಲಿಯೂ ಎತ್ತರದ ಮೆಟ್ಟಿಲುಗಳಿರುವ, ನೋಡಲು ಹೆಚ್ಚುಕಡಿಮೆ ಒಂದೇ ಬಗೆಯ ಹಳೆಯ ಗ್ರಂಥಾಲಯಗಳನ್ನು ಕಂಡೆ. ಎಲ್ಲವೂ ಕಾರ್ನೆಗಿ ಎಂಬ ದಾನಿಯವು ಎಂದರು. ಒಬ್ಬರೇ ವ್ಯಕ್ತಿ ಇಷ್ಟೊಂದು ಊರುಗಳ ಗ್ರಂಥಾಲಯಗಳನ್ನು ನಡೆಸಿದ್ದು ಹೇಗೆ? ಕಟ್ಟಡಗಳೆಲ್ಲ ಒಂದೇ ಬಗೆ ಏಕೆ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಆಂಡ್ರ್ಯೂ ಕಾರ್ನೆಗಿ ಈ ಗ್ರಂಥಾಲಯಗಳನ್ನು ಕಟ್ಟಿಸಿದರೇ ಹೊರತು ನಡೆಸಲಿಲ್ಲ, ಮತ್ತು ನಡೆಸುವುದಿಲ್ಲವೆಂದು ಮೊದಲೇ ಸ್ಪಷ್ಟವಾಗಿ ಹೇಳಿಯೇ ಹಣ ಕೊಟ್ಟರು. ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್‌ನಲ್ಲಿ 1835ರಲ್ಲಿ ಕೈಮಗ್ಗದ ನೇಕಾರರೊಬ್ಬರ ಮಗನಾಗಿ ಹುಟ್ಟಿದ ಅವರು, 1848ರಲ್ಲಿ ಕುಟುಂಬದೊಡನೆ ಅಮೆರಿಕಕ್ಕೆ ಬಂದು, ಹತ್ತಿ ಗಿರಣಿಯಲ್ಲಿ ವಾರಕ್ಕೆ 1.20 ಡಾಲರ್ ಕೂಲಿಗೆ ದುಡಿದವರು. ಅವರಿದ್ದ ಅಲೆಘೆನಿ ಪಟ್ಟಣದಲ್ಲಿ ಕರ್ನಲ್ ಜೇಮ್ಸ್ ಆ್ಯಂಡರ್ಸನ್ ಎಂಬವರು ತಮ್ಮ ಮನೆಯ ಸುಮಾರು 400 ಪುಸ್ತಕಗಳನ್ನು ಪ್ರತಿ ಶನಿವಾರ ದುಡಿಯುವ ಹುಡುಗರಿಗೆ ಎರವಲು ಕೊಡುತ್ತಿದ್ದರು. ತಮ್ಮ ಗ್ರಂಥಾಲಯ ದಾನಗಳ ಮೂಲ ಅಲ್ಲಿದೆ ಎಂದು ಕಾರ್ನೆಗಿ ಜೀವನವಿಡೀ ಹೇಳಿಕೊಂಡರು. 1901ರಲ್ಲಿ ಉಕ್ಕಿನ ಉದ್ಯಮವನ್ನು 48 ಕೋಟಿ ಡಾಲರಿಗೆ ಮಾರಿದ ಬಳಿಕ ಈ ದಾನದ ವೇಗ ಬಹಳವಾಗಿ ಹೆಚ್ಚಿತು. ಒಟ್ಟಾರೆ ಜಗತ್ತಿನಲ್ಲಿ ಅವರ ಹಣದಿಂದ ಎದ್ದ ಗ್ರಂಥಾಲಯಗಳು 2,509. ಅವುಗಳಲ್ಲಿ 1,600ಕ್ಕೂ ಹೆಚ್ಚು ಅಮೆರಿಕದಲ್ಲಿಯೇ ಎದ್ದವು, ಮತ್ತು ಆ ದೇಶದ ರಾಜ್ಯಗಳಲ್ಲಿ ಅತಿ ಹೆಚ್ಚು ಪಡೆದದ್ದು ನೀವು ನೋಡಿ ಬಂದ ಇಂಡಿಯಾನಾ.

ಹಣ ಪಡೆಯುವ ಕ್ರಮ ಹೀಗಿತ್ತು. ಊರಿನವರು ಕಾರ್ನೆಗಿಯವರ ಕಾರ್ಯದರ್ಶಿ ಜೇಮ್ಸ್ ಬರ್ಟ್ರಾಮ್ ಅವರಿಗೆ ಪತ್ರ ಬರೆಯಬೇಕು; ಅವರು ಕಳುಹಿಸಿದ ಪ್ರಶ್ನಾವಳಿಯಲ್ಲಿ ಊರಿನ ಜನಸಂಖ್ಯೆ, ಈಗಾಗಲೇ ಗ್ರಂಥಾಲಯವಿದ್ದರೆ ಅದರ ಸ್ಥಿತಿ, ನಿವೇಶನ ಸಿಗುವುದೇ ಎಂಬುದು, ಪುರಸಭೆ ವರ್ಷಕ್ಕೆ ಎಷ್ಟು ತೆರಿಗೆ ಎತ್ತಲು ಸಿದ್ಧ ಎಂಬುದು — ಇಷ್ಟನ್ನು ತುಂಬಿ ಕಳುಹಿಸಬೇಕು. ಸಾಮಾನ್ಯವಾಗಿ ತಲೆಗೆ ಎರಡು ಡಾಲರಿನಂತೆ ಲೆಕ್ಕ ಹಾಕಿ ಅನುದಾನ ನಿಗದಿಯಾಗುತ್ತಿತ್ತು. ನಿವೇಶನವನ್ನು ಊರೇ ಕೊಡಬೇಕು, ಮತ್ತು ಅನುದಾನದ ಹತ್ತನೆಯ ಒಂದು ಪಾಲನ್ನು ಪ್ರತಿ ವರ್ಷವೂ ತೆರಿಗೆ ಹಣದಿಂದ ಗ್ರಂಥಾಲಯಕ್ಕೆ ಕೊಡುವುದಾಗಿ ಪುರಸಭೆ ಠರಾವು ಮಾಡಬೇಕು. 10,000 ಡಾಲರಿನ ಕಟ್ಟಡ ಪಡೆದ ಊರು, ವರ್ಷಕ್ಕೆ 1,000 ಡಾಲರನ್ನು ಪುಸ್ತಕ, ಸಂಬಳ, ದೀಪ, ಕಲ್ಲಿದ್ದಲುಗಳಿಗಾಗಿ ತೆಗೆದಿಡುವುದಾಗಿ ಬರೆದುಕೊಡಬೇಕಾಗಿತ್ತು. ಹತ್ತು ವರ್ಷ ಕಳೆಯುವುದರೊಳಗೆ ಊರಿನವರು ತೆತ್ತ ಹಣ ದಾನಿ ಕೊಟ್ಟ ಹಣಕ್ಕೆ ಸಮನಾಗುತ್ತದೆ, ಆಮೇಲಿನದೆಲ್ಲ ಅವರದೇ. ಕಾರ್ನೆಗಿಯವರ ಹೆಸರಿಗೆ ಸಿಗುವ ಹೊಗಳಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಈ ಹೆಸರಿಲ್ಲದ ತೆರಿಗೆದಾರರಿಗೂ, ಅಂಗಡಿಯ ಮೇಲಂತಸ್ತಿನಲ್ಲಿ ನಾಲ್ಕು ಕಪಾಟು ಇಟ್ಟುಕೊಂಡು ವಾಚನಾಲಯ ನಡೆಸುತ್ತ, ಪುರಸಭೆಯ ಬೆನ್ನುಹತ್ತಿ ಅರ್ಜಿ ಹಾಕಿಸಿದ ಅನೇಕ ಊರುಗಳ ಮಹಿಳಾ ಸಂಘಗಳಿಗೂ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ. (ನಮ್ಮಲ್ಲಿ ಆಸ್ತಿ ತೆರಿಗೆಯೊಡನೆ ಕಟ್ಟುವ ಗ್ರಂಥಾಲಯ ಕರ 1965ರ ಕಾಯಿದೆಯಿಂದ ಬಂದದ್ದು, ಅದಕ್ಕೂ ಈ ದಾನಕ್ಕೂ ಸಂಬಂಧವಿಲ್ಲ.)

ಇನ್ನು ಕಟ್ಟಡಗಳ ಹೋಲಿಕೆಯ ಮಾತು. ಹೊರನೋಟಕ್ಕೆ ಇಂಥದೇ ಇರಬೇಕೆಂಬ ನಿಯಮವೇನೂ ಇರಲಿಲ್ಲ. ಗ್ರೀಕ್ ದೇವಾಲಯದ ಕಂಬಗಳನ್ನು ನಿಲ್ಲಿಸಿದ ಊರುಗಳಿವೆ, ಸರಳವಾದ ಇಟ್ಟಿಗೆಯ ಕಟ್ಟಡಗಳಿವೆ, ಕ್ಯಾಲಿಫೋರ್ನಿಯಾದಲ್ಲಿ ಸ್ಪ್ಯಾನಿಷ್ ಮಾದರಿಯ ಹೆಂಚಿನ ಮಾಡುಗಳೂ ಇವೆ. ಆದರೆ ಗುಮ್ಮಟ, ವಿಶಾಲ ಹಜಾರ, ಅಗ್ಗಿಷ್ಟಿಕೆಗಳಿಗೆ ಹಣ ಸುರಿದು ಪುಸ್ತಕಕ್ಕೆ ಜಾಗವಿಲ್ಲದಂತೆ ಮಾಡಿದ ನಕ್ಷೆಗಳನ್ನು ನೋಡಿ ಬೇಸತ್ತ ಬರ್ಟ್ರಾಮ್, 1911ರಲ್ಲಿ ಕಟ್ಟಡ ಕಟ್ಟುವವರಿಗಾಗಿ ಮಾದರಿ ನಕ್ಷೆಗಳಿದ್ದ ಒಂದು ಕಿರುಹೊತ್ತಗೆಯನ್ನು ಹಂಚತೊಡಗಿದರು. ಒಂದು ಆಯತಾಕಾರದ ಕಟ್ಟಡ. ಅರ್ಧ ನೆಲದೊಳಗೆ ಇಳಿದ ತಳಮನೆಯಲ್ಲಿ ಉಪನ್ಯಾಸದ ಕೋಣೆ ಮತ್ತು ಬಿಸಿಗಾಳಿಯ ಒಲೆ. ಮೇಲೆ ಒಂದೇ ದೊಡ್ಡ ಅಂತಸ್ತು. ತಳಮನೆಯ ಕಿಟಕಿಗಳಿಗೆ ಬೆಳಕು ಸಿಗಬೇಕಾದ್ದರಿಂದ ಮುಖ್ಯ ಅಂತಸ್ತು ನೆಲಮಟ್ಟಕ್ಕಿಂತ ಮೇಲೇರಿತು. ನೀವು ಕಂಡ ಮೆಟ್ಟಿಲುಗಳಿಗೆ ಇದು ಮುಖ್ಯ ಕಾರಣ. ಪಕ್ಕದ ಮತ್ತು ಹಿಂಬದಿಯ ಕಿಟಕಿಗಳನ್ನು ಸುಮಾರು ಆರು ಅಡಿ ಎತ್ತರದಲ್ಲಿಟ್ಟದ್ದು ಅವುಗಳ ಕೆಳಗೆ ಗೋಡೆಯುದ್ದಕ್ಕೂ ಕಪಾಟು ನಿಲ್ಲಿಸುವುದಕ್ಕಾಗಿ. ಬಾಗಿಲ ಎದುರಿಗೇ, ನಡುವೆ, ಗ್ರಂಥಪಾಲಕರ ಮೇಜು. ಅಲ್ಲಿ ಕುಳಿತ ಒಬ್ಬರೇ ವ್ಯಕ್ತಿ ಒಂದು ಬದಿಯಲ್ಲಿ ಮಕ್ಕಳ ಕೋಣೆಯನ್ನೂ ಇನ್ನೊಂದು ಬದಿಯಲ್ಲಿ ದೊಡ್ಡವರ ಕೋಣೆಯನ್ನೂ ಗಮನಿಸಬಹುದಾಗಿತ್ತು. ಪುಸ್ತಕವನ್ನು ಓದುಗರೇ ಕಪಾಟಿನಿಂದ ಎತ್ತಿಕೊಳ್ಳಲು ಬಿಟ್ಟರೂ ಭಯವಿಲ್ಲ, ಎರಡನೆಯ ಸಂಬಳವೂ ಬೇಡ. ವರ್ಷಕ್ಕೆ ಸಾವಿರ ಡಾಲರಿನಲ್ಲಿ ಎಲ್ಲವನ್ನೂ ತೂಗಿಸಬೇಕಾದ ಊರಿಗೆ ಈ ನಕ್ಷೆಯೇ ಸರಿ.

ಪ್ರಶ್ನೆ: ಕಾರ್ಮಿಕರ ಕೂಲಿ ಕಡಿತ ಮಾಡಿದವರ ದಾನವನ್ನು ಎಲ್ಲ ಊರುಗಳೂ ಮರುಮಾತಿಲ್ಲದೆ ಒಪ್ಪಿದವೆ?
— ಓದುಗರೊಬ್ಬರು, ಧಾರವಾಡ

ಉತ್ತರ: ಇಲ್ಲ. ಪಿಟ್ಸ್‌ಬರ್ಗ್ ಬಳಿಯ ಹೋಮ್‌ಸ್ಟೆಡ್‌ನಲ್ಲಿ 1892ರಲ್ಲಿ ಕಾರ್ನೆಗಿಯವರ ಉಕ್ಕಿನ ಕಾರ್ಖಾನೆಯ ಕೂಲಿ ವಿವಾದ ಗುಂಡಿನ ಕಾಳಗಕ್ಕೆ ತಿರುಗಿ ಎರಡೂ ಕಡೆಯವರು ಸತ್ತರು. ಆಗ ಕಾರ್ನೆಗಿ ಸ್ಕಾಟ್ಲೆಂಡಿನಲ್ಲಿದ್ದರು, ಕಾರ್ಖಾನೆ ಹೆನ್ರಿ ಫ್ರಿಕ್ ಅವರ ಕೈಯಲ್ಲಿತ್ತು. ಕಾರ್ಮಿಕ ಸಂಘವನ್ನು ಮುರಿಯಲು ಕಾರ್ನೆಗಿಯವರ ಒಪ್ಪಿಗೆ ಇತ್ತೆಂಬುದರಲ್ಲಿ ಮಾತ್ರ ಇತಿಹಾಸಕಾರರಿಗೆ ಅನುಮಾನವಿಲ್ಲ. ಆರು ವರ್ಷಗಳ ನಂತರ, 1898ರಲ್ಲಿ, ಅದೇ ಹೋಮ್‌ಸ್ಟೆಡ್‌ಗೆ ಈಜುಕೊಳ ಮತ್ತು ಸಂಗೀತ ಸಭಾಂಗಣಗಳೊಡನೆ ಭವ್ಯವಾದ ಗ್ರಂಥಾಲಯ ಬಂತು. ದಿನಕ್ಕೆ ಹನ್ನೆರಡು ಗಂಟೆ ಕುಲುಮೆಯ ಮುಂದೆ ನಿಂತವನಿಗೆ ಓದಲು ಪುರಸೊತ್ತೆಲ್ಲಿ ಎಂದು ಕಾರ್ಮಿಕ ಸಂಘಗಳು ಕೇಳಿದ ಪ್ರಶ್ನೆಗೆ ಈಜುಕೊಳ ಉತ್ತರವಾಗಲಾರದು. ಹಣ ಬೇಡವೆಂದ ಊರುಗಳಲ್ಲಿ ಕೆಲವು ಈ ಕಾರಣಕ್ಕೆ ಬೇಡವೆಂದವು; ಇನ್ನು ಕೆಲವು, ತೆರಿಗೆಯ ಕರಾರಿಗೆ ಹೆದರಿ ಅಥವಾ ಕಾನೂನಿನ ತೊಡಕಿನಿಂದ ಹಿಂದೆ ಸರಿದವು.

ಇದಕ್ಕಿಂತ ಕಡಿಮೆ ಚರ್ಚೆಯಾಗುವ ಸಂಗತಿ ಇನ್ನೊಂದಿದೆ. ದಕ್ಷಿಣದ ರಾಜ್ಯಗಳಲ್ಲಿ ಈ ‘ಎಲ್ಲರಿಗೂ ಉಚಿತ’ವಾದ ಗ್ರಂಥಾಲಯಗಳ ಬಾಗಿಲು ಕಪ್ಪು ಜನರಿಗೆ ಮುಚ್ಚಿತ್ತು. ಅಟ್ಲಾಂಟಾದಲ್ಲಿ 1902ರಲ್ಲಿ ಹೊಸ ಗ್ರಂಥಾಲಯ ತೆರೆದಾಗ ವಿದ್ವಾಂಸ ಡಬ್ಲ್ಯು. ಇ. ಬಿ. ಡು ಬಾಯ್ಸ್ ನಿಯೋಗದೊಂದಿಗೆ ಹೋಗಿ ಪ್ರತಿಭಟಿಸಿದರೂ ಪ್ರವೇಶ ಸಿಗಲಿಲ್ಲ. ಕೆಂಟಕಿಯ ಲೂಯಿವಿಲ್‌ನಲ್ಲಿ ಕಪ್ಪು ಓದುಗರಿಗಾಗಿಯೇ ಒಂದು ಶಾಖೆ ಆರಂಭವಾಗಿ, 1908ರಲ್ಲಿ ಅದಕ್ಕೆ ಕಾರ್ನೆಗಿ ಹಣದಿಂದ ಕಟ್ಟಡ ಎದ್ದಿತು. ಅದನ್ನು ನಡೆಸಿದ ಥಾಮಸ್ ಫೌಂಟನ್ ಬ್ಲೂ ಅಲ್ಲಿಯೇ ಕಪ್ಪು ಗ್ರಂಥಪಾಲಕರಿಗೆ ತರಬೇತಿಯನ್ನೂ ಕೊಟ್ಟರು. ದಾನದ ಕರಾರಿನಲ್ಲಿ ತೆರಿಗೆಯ ಲೆಕ್ಕವಿತ್ತು, ಯಾರನ್ನು ಒಳಗೆ ಬಿಡಬೇಕೆಂಬ ಮಾತು ಇರಲಿಲ್ಲ. ಆ ನಿರ್ಧಾರವನ್ನು ಆಯಾ ಊರಿಗೆ ಬಿಟ್ಟದ್ದನ್ನು ಔದಾರ್ಯವೆನ್ನಲು ನನಗೆ ಮನಸ್ಸಾಗುವುದಿಲ್ಲ.

ಪ್ರಶ್ನೆ: ಅನುದಾನ ಯಾವಾಗ ನಿಂತಿತು? ಆ ಕಟ್ಟಡಗಳು ಈಗ ಏನಾಗಿವೆ?
— ಓದುಗರೊಬ್ಬರು, ಮೈಸೂರು

ಉತ್ತರ: ಮಾತಿಗೆ ತಕ್ಕಂತೆ ಊರುಗಳು ನಡೆದುಕೊಂಡಿವೆಯೇ ಎಂದು ಪರಿಶೀಲಿಸಲು ಕಾರ್ನೆಗಿ ಸಂಸ್ಥೆ ಅರ್ಥಶಾಸ್ತ್ರಜ್ಞ ಆಲ್ವಿನ್ ಜಾನ್ಸನ್ ಅವರನ್ನು ನೇಮಿಸಿತು. ಸುಮಾರು ನೂರು ಗ್ರಂಥಾಲಯಗಳನ್ನು ನೋಡಿ ಬಂದ ಅವರು, ಕಟ್ಟಡಕ್ಕಿಂತ ತರಬೇತಿ ಪಡೆದ ಗ್ರಂಥಪಾಲಕರ ಕೊರತೆಯೇ ದೊಡ್ಡದೆಂದು ವರದಿ ಕೊಟ್ಟರು. ಹೊಸ ಕಟ್ಟಡಗಳಿಗೆ ಅನುದಾನ 1917ರಲ್ಲಿ ನಿಂತಿತು. ಅಮೆರಿಕ ಮಹಾಯುದ್ಧಕ್ಕಿಳಿದದ್ದೂ ಅದೇ ವರ್ಷ.

ನೂರಾರು ಕಟ್ಟಡಗಳು ಇಂದಿಗೂ ಗ್ರಂಥಾಲಯಗಳಾಗಿಯೇ ಉಳಿದಿವೆ. ಅಂಗವಿಕಲರ ಪ್ರವೇಶಕ್ಕೆ ಸಂಬಂಧಿಸಿದ 1990ರ ಕಾಯಿದೆ ಬಂದ ಮೇಲೆ ಆ ಎತ್ತರದ ಮೆಟ್ಟಿಲುಗಳು ತೊಡಕಾದವು. ಹಣವಿದ್ದ ಊರುಗಳು ಹಿಂಬದಿಯಲ್ಲಿ ಲಿಫ್ಟ್ ಸಹಿತ ಹೊಸ ಭಾಗ ಸೇರಿಸಿ, ಹಳೆಯ ಮುಂಬಾಗಿಲನ್ನು ನೋಡಲಿಕ್ಕೆಂದು ಉಳಿಸಿಕೊಂಡವು; ಇನ್ನು ಕೆಲವು ಊರುಗಳು ಬೇರೆಡೆ ಹೊಸದನ್ನು ಕಟ್ಟಿಕೊಂಡು ಹಳೆಯದನ್ನು ವಸ್ತುಸಂಗ್ರಹಾಲಯಕ್ಕೋ ಕಚೇರಿಗೋ ಕೊಟ್ಟವು, ಕೆಲವೆಡೆ ಕೆಡವಿದವು. ದೊಡ್ಡ ನಗರದ ಉದಾಹರಣೆ ಬೇಕಿದ್ದರೆ, ರಾಜಧಾನಿ ವಾಷಿಂಗ್ಟನ್ನಿನಲ್ಲಿ 1903ರಲ್ಲಿ ತೆರೆದ ಕಾರ್ನೆಗಿ ಗ್ರಂಥಾಲಯದಲ್ಲಿ 2019ರಿಂದ ಆ್ಯಪಲ್ ಕಂಪನಿಯ ಮಳಿಗೆ ನಡೆಯುತ್ತಿದೆ. ಮೇಲಂತಸ್ತಿನಲ್ಲಿ ನಗರದ ಇತಿಹಾಸ ಸಂಘಕ್ಕೆ ಜಾಗವಿದೆ.