ನ್ಯಾಯಾಧೀಶರು ಔಷಧದ ಚೀಟಿ ಬರೆಯಬಹುದೇ?

ಡೊಂಬಿವಲಿಯ ಓದುಗರೊಬ್ಬರು ಬರೆದಿದ್ದಾರೆ: ‘ಮೋಟಾರ್ ನ್ಯೂರಾನ್ ಕಾಯಿಲೆಯ (ಸ್ನಾಯುಗಳನ್ನು ನಡೆಸುವ ನರಗಳು ಸೊರಗುವ ರೋಗ) ನನ್ನ ತಂದೆ ಮುಂಬೈಯ ಆಸ್ಪತ್ರೆಯಲ್ಲಿದ್ದಾರೆ. ಸ್ಟೆಮ್ ಸೆಲ್ (ಬೇರೆ ಬಗೆಯ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಚುಚ್ಚುಮದ್ದು ಕೊಟ್ಟರೆ ಚೇತರಿಸಿಕೊಳ್ಳುತ್ತಾರೆ ಎಂದು ಹೊರಗಿನ ಕ್ಲಿನಿಕ್ ಹೇಳುತ್ತಿದೆ. ಆಸ್ಪತ್ರೆ ಒಪ್ಪುತ್ತಿಲ್ಲ. ಕೋವಿಡ್ ಕಾಲದಲ್ಲಿ ಹುಳುಬಾಧೆಯ ಔಷಧವಾದ ಐವರ್‌ಮೆಕ್ಟಿನ್ ಕೊಡಿ ಎಂದು ಅಮೆರಿಕದ ನ್ಯಾಯಾಲಯ ಆಸ್ಪತ್ರೆಗೆ ಆದೇಶಿಸಿತ್ತಲ್ಲವೇ? ನಾವೂ ಹೈಕೋರ್ಟಿಗೆ ಹೋಗಬಾರದೇಕೆ?’

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. 2021ರ ಏಪ್ರಿಲ್‌ನಲ್ಲಿ ನಾನೂ ಇದೇ ಸ್ಥಿತಿಯಲ್ಲಿದ್ದೆ. ತಂಗಿಯ ಗಂಡ ಠಾಣೆಯ ಆಸ್ಪತ್ರೆಯೊಂದರಲ್ಲಿ ಕೋವಿಡ್ ತಗುಲಿ ಉಸಿರಿಗಾಗಿ ಒದ್ದಾಡುತ್ತಿದ್ದ. ಪರೇಲ್‌ನ ರಕ್ತನಿಧಿಯಲ್ಲಿ ಆರು ಗಂಟೆ ಕಾದು, ಕೋವಿಡ್ ಗೆದ್ದವರ ರಕ್ತದಿಂದ ಬೇರ್ಪಡಿಸಿದ ದ್ರವವಾದ ಪ್ಲಾಸ್ಮಾ ಪಡೆದೆ. ಹಳೆಯ ಜೇನಿನ ಬಣ್ಣದ ಆ ಚೀಲವಿದ್ದ ಥರ್ಮೊಕೋಲ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಟ್ಯಾಕ್ಸಿಯಲ್ಲಿ ಹೋದೆ. ಸಾಯನ್ ದಾಟುವವರೆಗೂ ಮುಚ್ಚಳದ ಮೇಲಿನ ಕೈ ತೆಗೆಯಲಿಲ್ಲ. ‘ಇದರಿಂದ ಪ್ರಯೋಜನ ಕಡಿಮೆ’ ಎಂದ ಕಿರಿಯ ವೈದ್ಯೆಗೆ ಕೋರ್ಟಿಗೆ ಎಳೆಯುತ್ತೇನೆ ಎಂದು ಕೂಗಿದೆ. ಆಕೆ ಪ್ಲಾಸ್ಮಾ ಕೊಟ್ಟರು. ತಂಗಿಯ ಗಂಡ ಉಳಿಯಲಿಲ್ಲ.

ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ಪರೀಕ್ಷೆ ಪ್ಲಾಸ್ಮಾದಿಂದ ಸಾವು ತಗ್ಗುವುದಿಲ್ಲ ಎಂದು ತೋರಿಸಿತ್ತು. ಆ ವರದಿ ಪ್ರಕಟವಾದದ್ದು 2020ರ ಅಕ್ಟೋಬರ್‌ನಲ್ಲಿ, ನಾನು ಸಾಲಿನಲ್ಲಿ ನಿಲ್ಲುವುದಕ್ಕೂ ಆರು ತಿಂಗಳು ಮೊದಲು. 2021ರ ಮೇನಲ್ಲಿ ಚಿಕಿತ್ಸಾ ಮಾರ್ಗಸೂಚಿಯಿಂದಲೇ ಪ್ಲಾಸ್ಮಾವನ್ನು ಕೈಬಿಟ್ಟರು. ಆ ವೈದ್ಯೆಯ ಮುಖ ಇಂದಿಗೂ ಕಣ್ಣ ಮುಂದಿದೆ.

ಇನ್ನು ಅಮೆರಿಕದ ಮಾತು. ನೀವು ಕೇಳಿರುವುದು ಅರ್ಧ ಕಥೆ. 2021ರ ಆಗಸ್ಟ್‌ನಲ್ಲಿ ಒಹಾಯೊ ರಾಜ್ಯದ ನ್ಯಾಯಾಧೀಶರೊಬ್ಬರು ರೋಗಿಯ ಪತ್ನಿಯ ಮೊರೆಗೆ ಓಗೊಟ್ಟು ಐವರ್‌ಮೆಕ್ಟಿನ್ ಕೊಡುವಂತೆ ಆದೇಶಿಸಿದ್ದು ನಿಜ. ಅದು ತಾತ್ಕಾಲಿಕ ಆದೇಶ. ಎರಡೇ ವಾರದಲ್ಲಿ ಅದೇ ನ್ಯಾಯಾಲಯದ ಇನ್ನೊಬ್ಬ ನ್ಯಾಯಾಧೀಶರು, ನ್ಯಾಯಾಧೀಶರು ವೈದ್ಯರೂ ಅಲ್ಲ, ದಾದಿಯರೂ ಅಲ್ಲ ಎಂದು ಹೇಳಿ ಅದನ್ನು ಮುಂದುವರಿಸಲು ನಿರಾಕರಿಸಿದರು. ವಿಸ್ಕಾನ್ಸಿನ್‌ನ ಇಂಥದ್ದೇ ಪ್ರಕರಣ ಆ ರಾಜ್ಯದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2023ರ ಮೇನಲ್ಲಿ ಅದು ಆಸ್ಪತ್ರೆಯ ಪರ ತೀರ್ಪು ಕೊಟ್ಟಿತು. ಯಾವ ಕಾನೂನಿನ ಆಧಾರದ ಮೇಲೆ ವೈದ್ಯರಿಗೆ ಆದೇಶಿಸಲಾಯಿತು ಎಂಬುದೇ ಕೆಳ ನ್ಯಾಯಾಲಯದ ಆದೇಶದಲ್ಲಿ ಇರಲಿಲ್ಲ.

ನಮ್ಮಲ್ಲಿ ನಿಮ್ಮ ದಾರಿ ಇನ್ನೂ ಕಿರಿದು. ರಕ್ತಕ್ಕೆ ಸಂಬಂಧಿಸಿದ ಕೆಲವು ಕಾಯಿಲೆಗಳಂಥವನ್ನು ಬಿಟ್ಟರೆ, ಅನುಮತಿ ಪಡೆದ ಪ್ರಯೋಗದ ಹೊರಗೆ ಸ್ಟೆಮ್ ಸೆಲ್ ಕೊಡುವಂತಿಲ್ಲ ಎಂದು ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುತ್ತದೆ. ಆ ಕ್ಲಿನಿಕ್ಕಿನವರು ಲಕ್ಷಗಟ್ಟಲೆ ಕೇಳುತ್ತಿದ್ದರೆ, ‘ಇದು ಪ್ರಯೋಗವೇ? ನೋಂದಣಿ ಸಂಖ್ಯೆ ಏನು? ಯಾವ ನೈತಿಕ ಸಮಿತಿ ಒಪ್ಪಿದೆ?’ ಎಂದು ಬರವಣಿಗೆಯಲ್ಲಿ ಕೇಳಿ. ಅವರು ಸಂಖ್ಯೆ ಕೊಟ್ಟರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯ ಜಾಲತಾಣದಲ್ಲಿ ಹುಡುಕಿ ನೋಡಿ. ಯಾರು ಬೇಕಾದರೂ ನೋಡಬಹುದು. ಅದನ್ನು ನೋಡದೆ ಮನೆ ಅಡವಿಡಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಆಸ್ಪತ್ರೆ ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಕೆಂದು ಇದರ ಅರ್ಥವಲ್ಲ. ಲಿಖಿತವಾಗಿ ಕೇಳಿದ 72 ಗಂಟೆಯೊಳಗೆ ವೈದ್ಯಕೀಯ ದಾಖಲೆಗಳ ಪ್ರತಿ ಕೊಡಬೇಕು ಎಂಬುದು 2002ರಿಂದ ಇರುವ ನಿಯಮ. ಅದನ್ನು ಹಿಡಿದು ಬೇರೊಬ್ಬ ನರರೋಗ ತಜ್ಞರನ್ನು ಕಾಣಿ. ಬೇಕೆನಿಸಿದರೆ ಬೇರೆ ಆಸ್ಪತ್ರೆಗೆ ಸೇರಿಸಿ.

ಪತ್ರದಲ್ಲಿ ಒಂದು ಮಾತು ಕಾಣಲಿಲ್ಲ: ತಂದೆಯವರು ಏನನ್ನುತ್ತಾರೆ? ರೋಗಿ ಅರಿವಳಿಕೆಯಲ್ಲಿದ್ದಾಗ ತಾಯಿ ಕೊಟ್ಟ ಒಪ್ಪಿಗೆಯೂ ಸಲ್ಲದು ಎಂದು 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿದೆ. ಬುದ್ಧಿ ನೆಟ್ಟಗಿರುವ ವಯಸ್ಕರ ದೇಹ ಅವರದೇ. ಈ ಕಾಯಿಲೆಯಲ್ಲಿ ನಾಲಿಗೆ ತೊದಲಿದರೂ ಬಹಳ ಜನರ ತಿಳಿವಳಿಕೆ ಮಾಸುವುದಿಲ್ಲ. ಮಾತು ಬಾರದಿದ್ದರೆ ಅಕ್ಷರಮಾಲೆಯ ಹಾಳೆ ಹಿಡಿಯಿರಿ, ರೆಪ್ಪೆ ಮಿಟುಕಿಸಿ ಆರಿಸಲಿ. ವಕೀಲರ ಬಳಿಗೆ ಹೋಗುವ ಮುಂಚೆ ಒಂದು ಸಂಜೆ ಪೂರ್ತಿ ಅವರ ಪಕ್ಕ ಕುಳಿತುಕೊಳ್ಳಿ. ಅವರು ಹೇಳಿದ್ದನ್ನು ನನಗೂ ಬರೆಯಿರಿ. ದಾಖಲೆಗಳ ಪ್ರತಿ ಸಿಕ್ಕ ಮೇಲೆ ನಮ್ಮ ಮಾಟುಂಗಾ ಕಚೇರಿಗೆ ಬನ್ನಿ. ಯಾವ ವೈದ್ಯರನ್ನು ಕಾಣಬೇಕೆಂದು ಜೊತೆಗೆ ಕುಳಿತು ವಿಚಾರಿಸೋಣ.