ಇದಕ್ಕೂ ಒಂದು ಪದ ಐತಾ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮೊದಲ ಮಳೆ ಬಿದ್ದಾಗ ಏಳೋ ಮಣ್ಣಿನ ವಾಸನೆಗೆ ಇಂಗ್ಲಿಷ್‌ನಲ್ಲಿ ಒಂದೇ ಪದ ಐತಂತೆ. ಏನ್ ಸಾರ್ ಅದು? – ಓದುಗರೊಬ್ಬರು, ಹೊಳಲ್ಕೆರೆ

ಉತ್ತರ: ಪೆಟ್ರಿಕೋರ್. ಹಳೇ ಕಾಲದ ಪದ ಏನಲ್ಲ ರೀ, 1964ರಲ್ಲಿ ಆಸ್ಟ್ರೇಲಿಯಾದ ಇಸಬೆಲ್ ಜಾಯ್ ಬೇರ್ ಮತ್ತೆ ರಿಚರ್ಡ್ ಥಾಮಸ್ ಅನ್ನೋ ವಿಜ್ಞಾನಿಗಳು 'ನೇಚರ್' ಪತ್ರಿಕೆಗೆ ಬರೆಯುವಾಗ ಕಟ್ಟಿದ್ದು. ಗ್ರೀಕ್‌ನಲ್ಲಿ ಪೆಟ್ರಾ ಅಂದ್ರೆ ಕಲ್ಲು, ಐಕೋರ್ ಅಂದ್ರೆ ಅವರ ಪುರಾಣದ ದೇವರುಗಳ ಮೈಯಲ್ಲಿ ರಕ್ತದ ಬದಲು ಹರಿಯೋದು. ಬೇಸಿಗೆ ಪೂರ್ತಿ ಗಿಡಗಳ ಎಣ್ಣೆ ಅಂಶ ಕಲ್ಲು ಮಣ್ಣಲ್ಲಿ ಇಂಗಿ ಕೂತಿರುತ್ತೆ, ಅದರ ಜೊತೆ ಮಣ್ಣಿನ ಬ್ಯಾಕ್ಟೀರಿಯಾ ಮಾಡೋ ಜಿಯೋಸ್ಮಿನ್ ಬೇರೆ, ಹನಿ ಬಿದ್ದ ತಕ್ಷಣ ಎರಡೂ ಗಾಳಿಗೆ ಬಂದ್ಬಿಡ್ತಾವೆ. ಅದು ಹೆಂಗೆ ಬರ್ತಾವೆ ಅಂತ 2015ರಲ್ಲಿ ಅಮೆರಿಕದ ಎಂಐಟಿಯವರು ಹೈಸ್ಪೀಡ್ ಕ್ಯಾಮೆರಾ ಇಟ್ಟು ನೋಡಿದ್ರು. ಹನಿ ಬಿದ್ದ ಕಡೆ ಸಣ್ಣ ಸಣ್ಣ ಗಾಳಿಗುಳ್ಳೆ ಸಿಕ್ಕಾಕ್ಕೊಂಡು, ಮೇಲೆ ಬಂದು, ಸೋಡಾ ಥರ ಚಿಟಪಟ ಒಡೆದು ವಾಸನೆ ಹಾರಿಸ್ತಾವಂತೆ, ಅದೂ ಜೋರು ಮಳೆಗಿಂತ ತುಂತುರು ಮಳೇಲಿ ಜಾಸ್ತಿ. ದುರ್ಗದ ಕೋಟೆ ಬಂಡೆ ಮೇಲೆ ಮೇ ತಿಂಗಳ ಸಂಜೆ ನಾಲ್ಕು ಹನಿ ಬಿದ್ದಾಗ ನಿಂತಿದ್ದೋರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಇನ್ನೊಂದು, ಆ 1964ರ ಲೇಖನದಲ್ಲೇ ಉತ್ತರ ಪ್ರದೇಶದಲ್ಲಿ ತೆಗೆಯೋ ಮಣ್ಣಿನ ಅತ್ತರ್ ಬಗ್ಗೆನೂ ಐತೆ, ಅಂದ್ರೆ ಆಸ್ಟ್ರೇಲಿಯಾದವರು ಹೆಸರಿಡೋ ಮುಂಚೆನೇ ನಮ್ಮವರು ಅದನ್ನ ಸೀಸೆಗೆ ತುಂಬಿ ಮಾರ್ತಿದ್ರು.

ಪ್ರಶ್ನೆ: ಇಂಗ್ಲಿಷ್‌ನ ಅತೀ ಉದ್ದದ ಪದ ಯಾವುದು? ಇಂಟರ್‌ವ್ಯೂಗೆ ಬೇಕಿತ್ತು. – ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಇಂಟರ್‌ವ್ಯೂನಲ್ಲಿ ಯಾರೂ ಕೇಳಲ್ಲಪ್ಪ, ಆದ್ರೂ ತಗೋ: ನ್ಯುಮೊನೊಅಲ್ಟ್ರಾಮೈಕ್ರೋಸ್ಕೋಪಿಕ್‌ಸಿಲಿಕೊವೋಲ್ಕೇನೋಕೋನಿಯೋಸಿಸ್, ಇಂಗ್ಲಿಷ್‌ನಲ್ಲಿ 45 ಅಕ್ಷರ. ಕಲ್ಲಿನ ಸಣ್ಣ ಧೂಳು ಎದೆಗೂಡಿಗೆ ಹೋಗಿ ಬರೋ ಶ್ವಾಸಕೋಶದ ಕಾಯಿಲೆ. ಇದನ್ನ ಡಾಕ್ಟರ್ ಯಾರೂ ಕಟ್ಟಿದ್ದಲ್ಲ, ಅಮೆರಿಕದ ಪದಬಂಧ ಪ್ರಿಯರ ಸಂಘದ ಅಧ್ಯಕ್ಷರು 1935ರಲ್ಲಿ ಉದ್ದ ಆಗ್ಲಿ ಅಂತಲೇ ಎಳೆದೂ ಎಳೆದೂ ಕಟ್ಟಿದ್ದು. ಡಾಕ್ಟರ್‌ಗಳು ಸಿಲಿಕೋಸಿಸ್ ಅಂದು ಸುಮ್ನಾಗ್ತಾರೆ. ನನ್ನ ಕೇಳಿದ್ರೆ ಇಂಥವು ಬರೀ ಶೋಕಿ.

ಪ್ರಶ್ನೆ: ನಮ್ಮೆಜಮಾನ್ರು ಭದ್ರಾ ಚಾನಲ್‌ಗೆ ನೀರು ಬಿಟ್ರೆ ಸಾಕು, ಏರಿ ಮೇಲೆ ಹೋಗಿ ಗಂಟೆಗಟ್ಲೆ ನಿಂತ್ಕೊತಾರೆ. ಇಂಥೋರಿಗೆ ಏನಂತಾರೆ? – ಗೃಹಿಣಿ, ದಾವಣಗೆರೆ ತಾಲ್ಲೂಕು

ಉತ್ತರ: ಅಮ್ಮಾ, ಇದಕ್ಕೂ ಪದ ಐತೆ! ಗಾಂಗೂಸ್ಲರ್. ಇಂಗ್ಲೆಂಡಿನ ಕಾಲುವೆಗಳಲ್ಲಿ ದೋಣಿ ನಡೆಸೋ ಜನ, ದಡದ ಮೇಲೆ ಕೆಲಸ ಇಲ್ಲದೆ ನಿಂತು ಪಿಳಿಪಿಳಿ ನೋಡೋರಿಗೆ ಹಾಸ್ಯಕ್ಕೆ ಇಟ್ಟಿದ್ದ ಹೆಸರು, 1904ರ ಹೊತ್ತಿಗೇ ಅಚ್ಚಾಗಿತ್ತು. ನಮ್ಮ ಚಾನಲ್‌ನಲ್ಲಿ ದೋಣಿ ಎಲ್ಲಿ ಬಂತು, ಆದ್ರೂ ಪದ ಒಪ್ಪುತ್ತೆ. ಜೆಸಿಬಿ ನೋಡೋಕೆ ಬೈಕ್ ಸೈಡಿಗೆ ಹಾಕಿ ನಿಲ್ಲೋರಿಗೂ ಇದನ್ನೇ ಕೊಟ್ರೆ ನನ್ನದೇನೂ ತಕರಾರಿಲ್ಲ.

ಪ್ರಶ್ನೆ: ಮಿರ್ಚಿ ಮಂಡಕ್ಕಿ ತಿಂದ ರಾತ್ರಿ ಹೊಟ್ಟೆ ಗುಡುಗುಡು ಅನ್ನುತ್ತೆ, ಅದಕ್ಕೆ? – ಹೆಸರು ಬೇಡ, ಮಂಡಕ್ಕಿ ಭಟ್ಟಿ ಏರಿಯಾ

ಉತ್ತರ: ಬೋರ್ಬೊರಿಗ್ಮಸ್. ಗ್ರೀಕರೂ ಸದ್ದು ಕೇಳ್ಕೊಂಡೇ ಹೆಸರಿಟ್ಟಿರೋದು. ಎಣ್ಣೆ ಮಿರ್ಚಿ ಕಮ್ಮಿ ಮಾಡಿ.

ಪ್ರಶ್ನೆ: ಹೋಟ್ಲಲ್ಲಿ ಒಬ್ಬರು ದಿನಾ ಸಿಗ್ತಾರೆ, ಕ್ರಿಕೆಟ್, ಅಡಿಕೆ ರೇಟು, ಹಾರ್ಟ್ ಆಪರೇಷನ್, ಎಲ್ಲಾದಕ್ಕೂ ಅವರದ್ದೇ ಕಡೇ ಮಾತು. ಬೈದಂಗೂ ಇರಬೇಕು, ಗೊತ್ತೂ ಆಗಬಾರದು. – ಚನ್ನಗಿರಿ

ಉತ್ತರ: ಅಲ್ಟ್ರಾಕ್ರೆಪಿಡೇರಿಯನ್. ಇದರ ಕಥೆ ಚೆನ್ನಾಗೈತೆ. ಗ್ರೀಕ್ ಚಿತ್ರಕಾರ ಅಪೆಲ್ಲಿಸ್ ತನ್ನ ಚಿತ್ರ ಹೊರಗಿಟ್ಟು ಜನ ಏನಂತಾರೆ ಅಂತ ಹಿಂದೆ ಬಚ್ಚಿಟ್ಕೊಂಡು ಕೇಳ್ತಿದ್ದನಂತೆ. ಚಪ್ಪಲಿ ಹೊಲಿಯೋನೊಬ್ಬ ಬಂದು ಚಿತ್ರದಲ್ಲಿರೋ ಚಪ್ಪಲಿ ತಪ್ಪಾಗೈತೆ ಅಂದ, ಅಪೆಲ್ಲಿಸ್ ತಿದ್ದಿದ. ಮಾರನೇ ದಿನ ಇವನು ಅದೇ ಗುಂಗಲ್ಲಿ ಬಂದು ಕಾಲೂ ಸರಿ ಇಲ್ಲ ಅಂದಾಗ, ಅಪೆಲ್ಲಿಸ್ ಹೊರಗೆ ಬಂದು 'ಚಪ್ಪಲಿ ದಾಟಿ ಮೇಲೆ ಬರಬೇಡಪ್ಪ' ಅಂದನಂತೆ. ರೋಮಿನ ಪ್ಲಿನಿ ಬರೆದಿಟ್ಟಿರೋ ಕಥೆ ಇದು. ಲ್ಯಾಟಿನ್‌ನಲ್ಲಿ ಅಲ್ಟ್ರಾ ಅಂದ್ರೆ ಆಚೆ, ಕ್ರೆಪಿಡಾ ಅಂದ್ರೆ ಚಪ್ಪಲಿ. 1819ರಲ್ಲಿ ವಿಲಿಯಂ ಹ್ಯಾಜ್ಲಿಟ್ ಅನ್ನೋ ಇಂಗ್ಲಿಷ್ ಲೇಖಕರು ಒಬ್ಬ ವಿಮರ್ಶಕನಿಗೆ ಬಯ್ಯೋಕೆ ಬಳಸಿದ್ರು. ಮೊದಲನೇ ದಿನ ಆ ಚಪ್ಪಲಿಯವನು ಹೇಳಿದ್ದು ಸರಿಯಾಗೇ ಇತ್ತು ಅನ್ನೋದನ್ನ ಮಾತ್ರ ಎಲ್ಲಾರೂ ಮರೀತಾರೆ. ಹಂಗೇ ನಿಮ್ಮ ಹೋಟ್ಲಿನವರು ಅಡಿಕೆ ಬೆಳೆಗಾರರಾಗಿದ್ರೆ ಅಡಿಕೆ ರೇಟಿನ ಮಾತು ಕೇಳಿ, ಆಪರೇಷನ್ ಬಿಡಿ. ಅಂದಂಗೆ ಅಡಿಕೆಗೆ ಇಂಗ್ಲಿಷ್‌ನವರು ಅರೆಕಾ ಅಂತಾರಲ್ಲ, ಅದು ಪೋರ್ಚುಗೀಸರು ನಮ್ಮ ಕರಾವಳಿ ಕಡೆಯಿಂದ ಎತ್ತಿಕೊಂಡು ಹೋದ ಪದ. ಮಲಯಾಳಂನ ಅಡಯ್ಕ, ನಮ್ಮ ಅಡಿಕೆ ಒಂದೇ ಬುಡದವು.

ಪ್ರಶ್ನೆ: ಡಿಕ್ಷನರೀಲಿ ಇರೋ ಪದ ಎಲ್ಲಾ ನಿಜಾನಾ ಸಾರ್? – ಪಿಯುಸಿ ಹುಡುಗ, ಹಿರಿಯೂರು

ಉತ್ತರ: ಡೋರ್ಡ್ ಅಂತ ಒಂದಿತ್ತು ನೋಡು. 1934ರ ವೆಬ್‌ಸ್ಟರ್ ಡಿಕ್ಷನರೀಲಿ ಅದರ ಅರ್ಥ ಸಾಂದ್ರತೆ ಅಂತ ಅಚ್ಚಾಗಿತ್ತು. ಅಸಲಿಗೆ 1931ರಲ್ಲಿ ಅವರ ಕೆಮಿಸ್ಟ್ರಿ ಸಂಪಾದಕರು, ಡೆನ್ಸಿಟಿಗೆ ದೊಡ್ಡ ಡಿ ಆದ್ರೂ ಬರೀಬಹುದು ಸಣ್ಣ ಡಿ ಆದ್ರೂ ಬರೀಬಹುದು ಅಂತ ಒಂದು ಚೀಟಿ ಕಳಿಸಿದ್ರು. ಎರಡು ಡಿ ಮಧ್ಯೆ 'ಅಥವಾ' ಅನ್ನೋಕೆ ಇಂಗ್ಲಿಷ್‌ನಲ್ಲಿ ಓ, ಆರ್ ಇರುತ್ತಲ್ಲ, ಆ ನಾಲ್ಕೂ ಅಕ್ಷರ ಯಾರೋ ಒಟ್ಟಿಗೆ ಓದಿ ಅದನ್ನೇ ಒಂದು ಪದ ಮಾಡಿಬಿಟ್ರು. ಪ್ರೂಫ್ ನೋಡಿದೋರ ಕಣ್ಣಿಗೂ ಬೀಳಲಿಲ್ಲ. 1939ರಲ್ಲಿ ಒಬ್ಬ ಸಂಪಾದಕರು, ಈ ಪದಕ್ಕೆ ಮೂಲಾನೇ ಕೊಟ್ಟಿಲ್ಲವಲ್ಲ ಅಂತ ಹಳೇ ಚೀಟಿ ಹುಡುಕಿಸಿದಾಗಲೇ ಗುಟ್ಟು ರಟ್ಟಾಗಿದ್ದು.