ಆ ಹನ್ನೊಂದು ಗುಣ ಹಾಗೆಯೇ ಇರಲಿ

ಪ್ರಿಯ ಲೇಖಕಿಯವರಿಗೆ,

ನಮಸ್ಕಾರ. ನಿಮ್ಮ ಕಾದಂಬರಿಯ ಹಸ್ತಪ್ರತಿಯನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆವು. ಆದರೆ ದಯವಿಟ್ಟು ಇದನ್ನು ಕೈಬಿಡಬೇಡಿ, ಅದನ್ನು ಹೇಳುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ.

2005ರ ಜುಲೈ 26ರ ಮುಂಬಯಿ ಮಳೆಯಲ್ಲಿ ಸಿಕ್ಕಿಬಿದ್ದ ವಿನಯಾ, ಸುಧೀರರಿಗೆ ಪರಿಚಯವಾಗುತ್ತದೆ. ಒಳ್ಳೆಯ ಆರಂಭ. ಆದರೆ ಸೊಂಟಮಟ್ಟದ ನೀರನ್ನು ಕೊಲಾಬಾದಲ್ಲಿ ನಿಲ್ಲಿಸಿದ್ದೀರಿ. ಆ ದಿನ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಸುರಿದರೆ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73 ಮಿ.ಮೀ. ಅವರಿಬ್ಬರನ್ನು ಕುರ್ಲಾಕ್ಕೋ ಕಲೀನಾಕ್ಕೋ ಕರೆದುಕೊಂಡು ಹೋಗಿ. ಆ ರಾತ್ರಿ ನಡೆದೇ ಮನೆ ಸೇರಿದ ಮುಂಬಯಿ ಕನ್ನಡಿಗರು ನಿಮ್ಮ ಓದುಗರು, ಇಂಥದ್ದನ್ನು ತಟ್ಟನೆ ಹಿಡಿಯುತ್ತಾರೆ.

ಆಮೇಲೆ ಇಬ್ಬರೂ ದಾದರ್ ಬ್ರಿಜ್ ಮೇಲೆ ಆಕಸ್ಮಿಕವಾಗಿ ಸಿಗುತ್ತಾರೆ, ಮಾಟುಂಗಾದ ಹೋಟೆಲಿನಲ್ಲಿ ಸಿಗುತ್ತಾರೆ, ಊರಿಗೆ ಹೊರಟರೆ ಮತ್ಸ್ಯಗಂಧ ರೈಲಿನಲ್ಲೂ ಎದುರುಬದುರು ಬರ್ತು. ಮೊದಲನೆಯ ಆಕಸ್ಮಿಕವನ್ನು ಓದುಗರು ಮನಸಾರೆ ಒಪ್ಪುತ್ತಾರೆ. ಮುಂದಿನ ಭೇಟಿಗಳಿಗಾದರೂ ಇಬ್ಬರಲ್ಲೊಬ್ಬರು ಹೆಜ್ಜೆ ಎತ್ತಿಡಬೇಕು.

ನನ್ನ ದೊಡ್ಡ ತಕರಾರು 19ನೇ ಅಧ್ಯಾಯದ್ದು. ಜಾತಕ ಹೊಂದಿಸಿ ನೋಡಿದಾಗ 36 ಗುಣಗಳಲ್ಲಿ 11 ಮಾತ್ರ ಕೂಡಿಬಂದವೆಂದು ಅಪ್ಪ ಸಂಬಂಧ ಬೇಡವೆನ್ನುತ್ತಾರೆ. ಆಮೇಲೆ ಹುಟ್ಟಿದ ಹೊತ್ತನ್ನೇ 20 ನಿಮಿಷ ತಪ್ಪು ಬರೆದಿದ್ದರೆಂದು ತಿಳಿದು, ಗುಣ 28ಕ್ಕೇರಿ, ಮದುವೆಯಾಗಿಬಿಡುತ್ತದೆ. ಗುಣ ನೋಡುವುದು ಚಂದ್ರನಿರುವ ನಕ್ಷತ್ರ, ರಾಶಿಗಳಿಂದ. ಚಂದ್ರ ಒಂದು ನಕ್ಷತ್ರ ದಾಟಲು ಹೆಚ್ಚುಕಡಿಮೆ ಒಂದು ದಿನ ಹಿಡಿಯುತ್ತದೆ. ಎರಡು ನಕ್ಷತ್ರಗಳ ಇಲ್ಲವೇ ರಾಶಿಗಳ ಸಂಧಿಯಲ್ಲೇ ಹುಟ್ಟಿದ್ದರೆ ಸರಿ, ಇಲ್ಲದಿದ್ದರೆ 20 ನಿಮಿಷದಿಂದ ಏನೂ ಆಗದು. ಹಾಗಂತ ಲೆಕ್ಕ ತಿದ್ದಿ ಅಧ್ಯಾಯ ಉಳಿಸಿಕೊಳ್ಳಬೇಡಿ. ಅಪ್ಪನನ್ನು ಎದುರು ಹಾಕಿಕೊಳ್ಳುವುದೋ ಬೇಡವೋ ಎಂದು ಅಷ್ಟು ಅಧ್ಯಾಯ ಒದ್ದಾಡಿದ ಹುಡುಗಿಯ ಕೈಯಿಂದ ತೀರ್ಮಾನವನ್ನೇ ಕಿತ್ತುಕೊಂಡಿದ್ದೀರಿ. ಅವಳು ಏನನ್ನೂ ಆರಿಸಿಕೊಳ್ಳಲಿಲ್ಲ, ಏನನ್ನೂ ಕಳೆದುಕೊಳ್ಳಲಿಲ್ಲ.

ಶಕುಂತಲೆಯ ಕಥೆಯನ್ನು ಎರಡೂ ಕಡೆ ಓದಿ. ಮಹಾಭಾರತದ ದುಷ್ಯಂತ ನೆನಪಿದ್ದೂ ನೆನಪಿಲ್ಲ ಎನ್ನುತ್ತಾನೆ, ಶಕುಂತಲೆ ಅವನ ಸಭೆಯಲ್ಲೇ ನಿಂತು ವಾದಿಸುತ್ತಾಳೆ. ಕಾಳಿದಾಸ ದುರ್ವಾಸರ ಶಾಪವನ್ನು ತಂದು ರಾಜನ ತಲೆಯ ಮೇಲಿನ ಹೊಣೆ ಇಳಿಸಿದ. ಆದರೂ ಉಂಗುರ ಸಿಕ್ಕಿ ನೆನಪು ಮರಳಿದ ಮೇಲೆ, ಒಂದಿಡೀ ಅಂಕ ಅವನನ್ನು ಪಶ್ಚಾತ್ತಾಪದಲ್ಲಿ ಬೇಯಿಸಿದ. ನಿಮ್ಮ ವಿಧಿ ಯಾರನ್ನೂ ಬೇಯಿಸುವುದಿಲ್ಲ.

ನಿಮ್ಮಿಂದ ಇದು ಆಗುತ್ತದೆಂದು ಧೈರ್ಯವಾಗಿ ಹೇಳುತ್ತಿರುವುದು 7ನೇ ಅಧ್ಯಾಯವನ್ನು ನಂಬಿ. ದಾದರ್‌ನಲ್ಲಿ ಡೊಂಬಿವಲಿ ಫಾಸ್ಟ್ ಲೋಕಲ್ ಬಂದು ನಿಂತಿದೆ. ಲೇಡೀಸ್ ಡಬ್ಬದಿಂದ ಗೆಳತಿಯರು ಕೂಗುತ್ತಿದ್ದಾರೆ. ವಿನಯಾ ಬ್ಯಾಗಿನಲ್ಲಿ ಪಾಸ್ ಹುಡುಕುವಂತೆ ನಟಿಸುತ್ತಾಳೆ. ಪಾಸ್ ಅವಳ ಎಡಗೈಯಲ್ಲೇ ಇದೆ. ಗಾಡಿ ಹೊರಡುತ್ತದೆ, ಸುಧೀರ ಬರುವುದು ಖಾತ್ರಿಯಿಲ್ಲ, ಮನೆಯಲ್ಲಿ ಅಪ್ಪನಿಗೆ ಏನು ಹೇಳುವುದೆಂದು ಗೊತ್ತಿಲ್ಲ. ಓದುತ್ತ ನಾನು ಅವಳಿಗಾಗಿ ಹೆದರಿದೆ. ಇಡೀ ಹಸ್ತಪ್ರತಿಯಲ್ಲಿ ನನಗೆ ಹಾಗಾದದ್ದು ಅಲ್ಲಿ ಮಾತ್ರ.

ಆದ್ದರಿಂದ 11 ಗುಣ 11 ಆಗಿಯೇ ಇರಲಿ, ಅಪ್ಪ ಮಣಿಯದಿರಲಿ. ವಿನಯಾ ಮನೆ ಬಿಡುತ್ತಾಳೋ, ಸುಧೀರನನ್ನು ಬಿಡುತ್ತಾಳೋ, ಅದು ನಿಮಗೆ ಸೇರಿದ್ದು. 19ರಿಂದ ಕೊನೆಯವರೆಗೆ ಹೊಸದಾಗಿ ಬರೆದು ಕಳಿಸಿ, ನಾನೇ ಓದುತ್ತೇನೆ.

ಇತಿ,
ಸಂಪಾದಕ, ಮುಂಬಯಿ